ಬಾನೆಟ್ ಕೆಳಗಿನ ಸರಳು

ಊರಿಗೆ ಹೋಗಿ ಬಂದ ಮೇಲೆ ರೂಬೆನ್‌ಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ತಾಯಿಗೆ ಸೊಂಟದ ಆಪರೇಷನ್ ಆಗಿತ್ತು. ಅವರು ಎದ್ದು ನಡೆಯುವ ಮೊದಲೇ ರಜೆ ಮುಗಿದು ಕುವೈತಿಗೆ ಮರಳಬೇಕಾಯಿತು. ಈಗ ಮನೆಯಲ್ಲಿ ಸುಮ್ಮನೆ ಫ್ರಿಜ್ ತೆರೆದು ಮುಚ್ಚುತ್ತಿದ್ದ. ತಾವಿದ್ದ ಸಾಲ್ಮಿಯಾದ ತಿರುವುಗಳಲ್ಲಿ ಕಾರಿನ ಮುಂಭಾಗ ‘ಟಕ್’ ಎನ್ನುತ್ತದೆ ಎನ್ನುತ್ತಿದ್ದ. ಹೆಂಡತಿ ಬೆಟ್ಟಿಗೆ ಆ ಶಬ್ದ ಕೇಳಿಸುತ್ತಲೇ ಇರಲಿಲ್ಲ.

ಎರಡು ಬಾಗಿಲಿನ ಟರ್ಬೊ ಕಾರು ಅದು. ಹಳೆಯದಾದರೂ ವೇಗಕ್ಕೆಂದೇ ಮಾಡಿದ್ದು. ಅವನು ಊರಲ್ಲಿದ್ದಾಗ ಕೀ ಇದ್ದದ್ದು ಬೆಟ್ಟಿಯ ತಮ್ಮ ಲೆಸ್ಟರ್ ಹತ್ತಿರ. ಲೆಸ್ಟರ್ ಇವರ ಫ್ಲ್ಯಾಟಿನಲ್ಲೇ ಇದ್ದುಕೊಂಡು ಕಂಪನಿ ಬಸ್ಸಿನಲ್ಲಿ ಶುಐಬಾಕ್ಕೆ ಕೆಲಸಕ್ಕೆ ಹೋಗುತ್ತಿದ್ದ.

ಶುಕ್ರವಾರ ಬೆಳಿಗ್ಗೆ ಭಾವ, ಬಾಮೈದ ಇಬ್ಬರೂ ಕಟ್ಟಡದ ಹಿಂದೆ ಸ್ಟ್ರಟ್ ಬ್ರೇಸ್ ಕೂರಿಸಲು ನಿಂತರು. ಬಾನೆಟ್ ಎತ್ತಿದರೆ ಎಡಕ್ಕೂ ಬಲಕ್ಕೂ ಸ್ಪ್ರಿಂಗುಗಳ ಮೇಲೆ ಗುಮ್ಮಟದಂಥ ಎರಡು ಉಬ್ಬುಗಳು ಕಾಣುತ್ತವೆ. ಅವೆರಡನ್ನೂ ಅಡ್ಡಲಾಗಿ ಬಿಗಿಯುವ ಉಕ್ಕಿನ ಸರಳೇ ಈ ಬ್ರೇಸ್. ತಿರುವಿನಲ್ಲಿ ಗಾಡಿ ಅಲುಗದಂತೆ ಹಿಡಿಯುತ್ತದೆ. ಎಡಗಡೆಯ ನಟ್ಟುಗಳಲ್ಲಿ ಒಂದು ಸ್ಪ್ಯಾನರ್ ಇಡುವ ಮೊದಲೇ ಬೆರಳಲ್ಲಿ ತಿರುಗಿತು. ರೂಬೆನ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಎಡಗಡೆ ಕೂತಿತು. ಬಲಗಡೆ ಮಾತ್ರ ಸರಳಿನ ತೂತುಗಳು ಬೋಲ್ಟಿಗೆ ಸಿಗಲಿಲ್ಲ. ಸರಳನ್ನು ಉದ್ದ ಮಾಡಿದ, ಗಿಡ್ಡ ಮಾಡಿದ, ಅಂಗೈಯಿಂದ ಗುದ್ದಿದ. ಹೆಸರುಕಾಳಿನಷ್ಟು ಅಂತರ ಹಾಗೇ ಉಳಿಯಿತು.

“ಎಲ್ಲಿ ಕುಟ್ಟಿದ್ದು?” ಎಂದ, ತಲೆ ಎತ್ತದೆ.

“ಎಂತ ಬಾವ?”

“ಗಾಡಿ. ನಾನಿಲ್ಲದಾಗ ಎಲ್ಲಿ ಕುಟ್ಟಿದ್ದು ಹೇಳು. ಬಾಡಿ ಸೊಟ್ಟ ಆಗದೆ ತೂತು ಹೀಗೆ ತಪ್ಪುದಿಲ್ಲ.”

“ರುಮೈಥಿಯಾಕ್ಕೆ ಅಕ್ಕನನ್ನು ಬಿಡ್ಲಿಕ್ಕೆ ಹೋದದ್ದು ಬಿಟ್ರೆ ನಾನು ಅದನ್ನು ಮುಟ್ಟಲೇ ಇಲ್ಲ.”

“ಸುಳ್ಳು ಹೇಳ್ಬೇಡ. ನನ್ನ ಮನೆಯಲ್ಲಿ ಉಂಡು ನನಗೇ...”

ಮಾತು ಅಲ್ಲಿಗೇ ನಿಂತಿತು, ಆದರೆ ಆಗಬೇಕಾದದ್ದು ಆಗಿಹೋಗಿತ್ತು. ಲೆಸ್ಟರ್ ಕೈಯಲ್ಲಿದ್ದ ಸ್ಪ್ಯಾನರನ್ನು ಮೆಲ್ಲಗೆ ಬಟ್ಟೆಯ ಮೇಲಿಟ್ಟು ಮೆಟ್ಟಿಲು ಹತ್ತಿದ.

ರೂಬೆನ್ ಇನ್ನೊಂದು ಸುತ್ತು ಗುದ್ದಾಡುತ್ತಿರುವಾಗ ಕೆಳಮನೆಯ ಆಯಿಶತ್ ನಿಶಾ ಬಂದರು. “ಸ್ವಲ್ಪ ಆಚೆ ಹಾಕ್ತೀರಾ? ನನ್ನ ಗಾಡಿ ಹೊರಗೆ ಬರುದಿಲ್ಲ.” ರೂಬೆನ್ ಬ್ರೇಸ್ ತೆಗೆದಿಟ್ಟು, ನಟ್ಟುಗಳನ್ನು ಗೊಣಗುತ್ತಲೇ ಮತ್ತೆ ಬಿಗಿದು ಕಾರನ್ನು ಹಿಂದಕ್ಕೆ ತೆಗೆದ. ಮುಂದಿನ ಚಕ್ರವೊಂದು ಧೊಪ್ಪೆಂದು ಇಳಿಯಿತು. ಜಾಗ ಸಾಲದೆ ಅದನ್ನು ಫುಟ್‌ಪಾತ್ ಮೇಲೆ ಹತ್ತಿಸಿ ನಿಲ್ಲಿಸಿದ್ದು ಆಗಷ್ಟೇ ನೆನಪಾಯಿತು.

ಸಮತಟ್ಟು ಜಾಗದಲ್ಲಿ ಮತ್ತೆ ಬಾನೆಟ್ ಎತ್ತಿದ. ನಟ್ಟುಗಳನ್ನು ಬಿಚ್ಚಿ ಇಟ್ಟರೆ, ಬ್ರೇಸ್ ತಾನಾಗಿಯೇ ಬೋಲ್ಟುಗಳ ಮೇಲೆ ಇಳಿದು ಕೂತಿತು. ಒಂದು ಚಕ್ರ ಎತ್ತರದಲ್ಲಿದ್ದು ಬಾಡಿ ತಿರುಚಿಕೊಂಡಿತ್ತು, ಅಷ್ಟೇ. ಬೆರಳಲ್ಲೇ ತಿರುಗಿದ ಎಡಗಡೆಯ ಆ ನಟ್ಟೂ ಈಗ ನೆನಪಾಯಿತು. ಚಳಿಗಾಲದಲ್ಲಿ ಸ್ಪ್ರಿಂಗ್ ಬದಲಿಸಿದಾಗ ಅದನ್ನು ಬಿಗಿಯದೆ ಬಿಟ್ಟವನು ಅವನೇ. ‘ಟಕ್’ ಬಂದದ್ದು ಅಲ್ಲಿಂದ.

ಕೂಡಲೇ ಮೇಲೆ ಹೋಗಲಿಲ್ಲ. ನಟ್ಟುಗಳನ್ನೆಲ್ಲ ಬಿಗಿದ. ನಡುವಿನ ಸರಳನ್ನು ಅದರ ಸಡಿಲು ಹೋಗುವಷ್ಟೇ ತಿರುಗಿಸಿ ನಿಲ್ಲಿಸಬೇಕಿತ್ತು. ಅತಿಯಾಯಿತೆಂದು ಹಿಂದಕ್ಕೆ ಬಿಟ್ಟ, ಮತ್ತೆ ತಿರುಗಿಸಿದ. ಕೊನೆಗೆ ಸರಳು ತಿರುಗದಂತೆ ಹಿಡಿಯುವ ಲಾಕ್ ನಟ್ ಬಿಗಿದು, ಬಾನೆಟ್ ತಾಗದೆ ಮುಚ್ಚುತ್ತದೆಯೇ ನೋಡಿ, ಕೈ ಒರೆಸಿಕೊಂಡು ಮೆಟ್ಟಿಲು ಹತ್ತಿದ.

ಬೆಟ್ಟಿ ಬಾಗಿಲಲ್ಲೇ ನಿಂತಿದ್ದಳು. “ಬ್ಯಾಗ್ ಹಿಡ್ಕೊಂಡು ಹೋದ. ಮಂಗಾಫಿಗೆ, ಅವನ ಫ್ರೆಂಡ್ ಅಕ್ಷಯ್‌ನ ರೂಮಿಗೆ. ಎಂತ ಹೇಳಿದ್ದು ನೀವು ಅವನಿಗೆ?”

ರೂಬೆನ್ ಅಲ್ಲಿಂದಲೇ ಕೆಳಗಿಳಿದು ಕಾರು ಹತ್ತಿದ. ಫಹಾಹೀಲ್ ರಸ್ತೆಯಲ್ಲಿ ಕಾರು ಗೆರೆ ಎಳೆದಂತೆ ನೆಟ್ಟಗೆ ಓಡಿತು. ತಿರುವಿನಲ್ಲಿ ಒಂದಿಷ್ಟೂ ಸದ್ದಿಲ್ಲ. ವರ್ಷದಿಂದ ಬಯಸಿದ ಓಟ ಅದು. ಅವನಿಗೆ ಮಾತ್ರ ಒಂದೊಂದು ಸಿಗ್ನಲ್ಲೂ ಯುಗವಾಗುತ್ತಿತ್ತು.

ಅಕ್ಷಯ್ ಬಾಗಿಲು ತೆರೆದು, ಇಬ್ಬರ ಮುಖ ನೋಡಿ, ಚಹಾ ಇಡುತ್ತೇನೆಂದು ಒಳಗೆ ಹೋದ. ಲೆಸ್ಟರ್ ಮಂಚದ ಅಂಚಿನಲ್ಲಿ ಕೂತಿದ್ದ.

“ತಪ್ಪು ನನ್ನದು ಲೆಸ್ಟರ್. ಚಕ್ರ ಫುಟ್‌ಪಾತ್ ಮೇಲೆ ಇತ್ತು. ಗಾಡಿಗೆ ಎಂತದೂ ಆಗಲಿಲ್ಲ. ಬಾ, ಮನೆಗೆ ಹೋಗುವ.”

“ಗಾಡಿಗೆ ಎಂತದೂ ಆಗಲಿಲ್ಲ ಅಂತ ಗೊತ್ತಾದ ಮೇಲೆ ಬಂದ್ರಿ,” ಎಂದ ಲೆಸ್ಟರ್. “ಗೊತ್ತಾಗದೆ ಇದ್ರೆ?”

ರೂಬೆನ್ ಗೋಡೆಗೆ ಒರಗಿದ. ನೆಲದ ಮೇಲೆ ಕೂತುಬಿಟ್ಟ. “ಅಮ್ಮನನ್ನು ಹಾಗೇ ಬಿಟ್ಟು ಬಂದೆ ಮಾರಾಯ. ತಲೆ ಸರಿ ಇಲ್ಲ ನಂದು,” ಎಂದ. ಹೇಳುತ್ತಲೇ ಅಳು ಬಂತು.

ಲೆಸ್ಟರ್ ಎದ್ದು ಬಂದು ಅವನ ಪಕ್ಕದಲ್ಲಿ ಕೂತ. ಅಕ್ಷಯ್ ತಂದ ಚಹಾವನ್ನು ಇಬ್ಬರೂ ಅಲ್ಲೇ ಕುಡಿದರು.

ಆದರೂ ಆ ದಿನ ಲೆಸ್ಟರ್ ಹಿಂತಿರುಗಲಿಲ್ಲ. ಕೆಲಸಕ್ಕೆ ಮಂಗಾಫೇ ಹತ್ತಿರವೆಂದು ಅಲ್ಲೇ ಉಳಿದುಕೊಂಡ. ಮುಂದಿನ ಶುಕ್ರವಾರ ಮಧ್ಯಾಹ್ನ ಊಟಕ್ಕೆ ಬಂದ. ಬೆಟ್ಟಿ ಅವನಿಗೆಂದು ಇಡ್ಲಿಯಂಥ ಮೆತ್ತನೆಯ ಸಾನ್ನ, ಕೋಳಿ ಸಾರು ಮಾಡಿದ್ದಳು. ರೂಬೆನ್ ಎರಡು ಸಲ ಎದ್ದು, ಎರಡು ಸಲವೂ ತಾನೇ ಅವನ ತಟ್ಟೆಗೆ ಬಡಿಸಿದ.