ಸೂಪಿನಂಗಡಿಗೆ ದಾರಿ

ಸ್ವಲ್ಪ ಕೂತು ಕೇಳಿ. ಅರ್ಧಕ್ಕೇ ಎದ್ದು ಹೋದರೆ ಈ ಕಥೆಯ ಅಕ್ಕನನ್ನು ಸುಳ್ಳುಗಾತಿ ಅಂದುಕೊಂಡುಬಿಡುತ್ತೀರಿ. ಪೂರ್ತಿ ಕೇಳಿದ ಮೇಲೂ ಅಂದುಕೊಳ್ಳಬಹುದು, ಬೇಡ ಅನ್ನುವುದಿಲ್ಲ. ಆದರೆ ಪೂರ್ತಿ ಕೇಳಿ.

ದೊಡ್ಡ ಆಸ್ಪತ್ರೆಯೊಂದರ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವಳ ಕೆಲಸ. ಮೆಟ್ಟಿಲ ಕೆಳಗಿನ ಪುಟ್ಟ ಕೋಣೆ, ಅದಕ್ಕೊಂದು ಗಾಜಿನ ಕಿಟಕಿ, ಕಿಟಕಿಯಾಚೆ ಬಿಲ್ಲಿಂಗ್ ಕೌಂಟರು. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೂತಳೆಂದರೆ ಸಂಜೆವರೆಗೆ ದಾರಿ ಹೇಳುವುದೇ ಆಯಿತು. ಹೆರಿಗೆ ವಾರ್ಡಾ, ಲಿಫ್ಟಿನಿಂದ ಇಳಿದು ಎಡಕ್ಕೆ ತಿರುಗಿ. ಶವಾಗಾರವಾ, ಹಿಂದಿನ ಗೇಟಿನಿಂದ ಬನ್ನಿ, ನಿಧಾನಕ್ಕೆ ಬನ್ನಿ. ಹುಟ್ಟಿದವರ ಕಡೆಯವರಿಗೂ ಸತ್ತವರ ಕಡೆಯವರಿಗೂ ಅದೇ ಮೆತ್ತನೆಯ ದನಿ. ಹಾಗಾಗಿ ಆಸ್ಪತ್ರೆಗೆಲ್ಲ ಅವಳು ಎಕ್ಸ್‌ಚೇಂಜ್ ಅಕ್ಕ. ದನಿ ಕೇಳಿದರೆ ಡಾಕ್ಟರುಗಳೆಲ್ಲ ‘ಹಾಂ, ಹೇಳಿ ಅಕ್ಕ’ ಅನ್ನುತ್ತಿದ್ದರು. ಅದೇ ಡಾಕ್ಟರುಗಳು ಕ್ಯಾಂಟೀನಿನಲ್ಲಿ ಎದುರಾದರೆ ಯಾರೋ ರೋಗಿಯ ಕಡೆಯವಳಿರಬೇಕು ಅಂತ ಪಕ್ಕಕ್ಕೆ ಸರಿದು ಹೋಗುತ್ತಿದ್ದರು.

ಈ ಅಕ್ಕನಿಗೊಂದು ಹುಚ್ಚಿತ್ತು. ರೈಲಿನಲ್ಲಿ ಅರ್ಧ ದಿನದ ದೂರದಲ್ಲಿ ಒಂದು ಹಳೆಯ ಊರು. ಸುತ್ತ ಕೋಟೆ, ಒಳಗೆ ಗಡಿಯಾರದ ಗೋಪುರ, ಮೈಗೆ ಮೈ ತಾಗುವಷ್ಟು ಇಕ್ಕಟ್ಟಾದ ಕಲ್ಲುಹಾಸಿನ ಗಲ್ಲಿಗಳು, ಗಲ್ಲಿಗೊಂದು ತಿಂಡಿಯಂಗಡಿ. ರಾತ್ರಿ ಊಟವಾದ ಮೇಲೆ ಹಾಸಿಗೆಯಲ್ಲಿ ಮಗ್ಗುಲಾಗಿ ಫೋನಿನ ಮ್ಯಾಪಿನಲ್ಲಿ ಆ ಗಲ್ಲಿಗಳನ್ನು ಒಂದೊಂದಾಗಿ ನಡೆಯುತ್ತಿದ್ದಳು. ಹೋಗಿ ಬಂದವರು ಹಾಕಿದ ವಿಡಿಯೋ ಒಂದನ್ನೂ ಬಿಟ್ಟಿರಲಿಲ್ಲ. ಕೋಟೆಯ ಹಿಂಬಾಗಿಲ ಹತ್ತಿರ ಬೆಳಗ್ಗೆ ಮಾತ್ರ ತೆರೆಯುವ ಒಂದು ಸೂಪಿನಂಗಡಿ ಇತ್ತು. ಆ ಅಂಗಡಿಯವನಿಗೆ ಆಗಾಗ ಫೋನೂ ಮಾಡುತ್ತಿದ್ದಳು.

“ಇವತ್ತು ಸೂಪು ಇದೆಯಾ?”

“ಇದೆ ಮೇಡಂ, ಬನ್ನಿ. ತಡ ಮಾಡಿದ್ರೆ ಪಾತ್ರೆ ತೊಳೆಯೋದು ನೋಡಬೇಕಾಗುತ್ತೆ.”

“ಹಾಂ, ಬರ್ತೀನಿ,” ಅಂತ ಹೇಳಿ ಫೋನಿಟ್ಟು, ಮನೆಗೆ ಬೀಗ ಹಾಕಿ ಡ್ಯೂಟಿಗೆ ಹೊರಡುತ್ತಿದ್ದಳು.

ಹೋಗಿರಲಿಲ್ಲ. ಒಂದು ಸಲವೂ ಹೋಗಿರಲಿಲ್ಲ. ಟಿಕೆಟಿಗೆ ದುಡ್ಡಿತ್ತು, ರಜೆ ಬೇಕಾದಷ್ಟು ಕೊಳೆಯುತ್ತಿತ್ತು. ಜೊತೆಗೆ ಬರುವವರಿರಲಿಲ್ಲ, ಅಷ್ಟೇ. ಒಬ್ಬಳೇ ಹೋಗಿ, ಒಬ್ಬಳೇ ತಿಂದು, ಚೆನ್ನಾಗಿದೆ ಅಂತ ಗೋಡೆಗೆ ಹೇಳಿ ಬರುವುದಾದರೆ ಅಷ್ಟು ದೂರ ಯಾಕೆ, ತನ್ನ ಮನೆಯಲ್ಲೇ ಗೋಡೆಗಳಿವೆಯಲ್ಲ ಅಂತ ಅವಳ ವಾದ. ಅಣ್ಣ ಅತ್ತಿಗೆ ಬೇರೆ ಊರಿನಲ್ಲಿದ್ದರು. ಫೋನು ಮಾಡಿದರೆ ಅತ್ತಿಗೆ ಬಿಪಿ ಮಾತ್ರೆಯ ವಿಷಯ ಕೇಳುತ್ತಿದ್ದಳು, ಇವಳೇ ಡಾಕ್ಟರು ಅನ್ನುವ ಹಾಗೆ.

ಒಂದು ದಿನ ಟೀ ಹೊತ್ತಿಗೆ ಬಿಲ್ಲಿಂಗ್ ಹುಡುಗಿ ಕೋಣೆಗೆ ನುಗ್ಗಿದಳು. ಹಿಂದೆಯೇ ಎಕ್ಸ್‌ರೇ ಅಣ್ಣ, ಔಷಧಿ ಕೌಂಟರಿನ ಗಂಡ ಹೆಂಡತಿ. ನಾಲ್ವರೂ ಶನಿವಾರ ಭಾನುವಾರ ಎಕ್ಸ್‌ರೇ ಅಣ್ಣನ ಕಾರಿನಲ್ಲಿ ಎಲ್ಲಿಗಾದರೂ ಹೋಗಬೇಕಂತೆ, ಆ ಕೋಟೆ ಊರು ಹೇಗೆ ಅಂತ ಮಾತು.

ಅಕ್ಕನ ಬಾಯಿಗೆ ಬ್ರೇಕೇ ಇಲ್ಲದ ಹಾಗಾಯಿತು. ಮುಂಬಾಗಿಲಿಂದ ಹೋಗಲೇಬೇಡಿ, ಬಸ್ಸುಗಳ ಹೊಗೆ ಕುಡಿಯಬೇಕು. ಹಿಂಬಾಗಿಲಿಗೆ ಹೋದರೆ ಬೆಳಗಿನ ಬಿಸಿಲು ಕಲ್ಲಿನ ಮೇಲೆ ಬಿದ್ದಿರುತ್ತದೆ. ಮೊದಲು ಸೂಪು, ಎಳ್ಳಿನ ಬ್ರೆಡ್ಡು. ಗೋಪುರ ಹತ್ತಿ ಇಳಿದ ಮೇಲೆ ಹುರಿದ ಮೀನು. ಉಲ್ಟಾ ಮಾಡಿದರೆ ಮೆಟ್ಟಿಲ ಮೇಲೆ ಮೀನು ಮತ್ತೆ ದರ್ಶನ ಕೊಡುತ್ತದೆ.

ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಬ್ಬಾ ಅಕ್ಕ, ಎಷ್ಟು ಸಲ ಹೋಗಿದೀರಾ ನೀವು?” ಅಂದಳು ಬಿಲ್ಲಿಂಗ್ ಹುಡುಗಿ.

ಅಷ್ಟರಲ್ಲಿ ಕಾಲ್ ಬಂತು. ಮಕ್ಕಳ ವಾರ್ಡಿಗೆ ಲೈನು ಕೊಟ್ಟು ತಿರುಗುವಷ್ಟರಲ್ಲಿ ಎಕ್ಸ್‌ರೇ ಅಣ್ಣ ಉತ್ತರ ಕೊಟ್ಟಾಗಿತ್ತು. “ಲೆಕ್ಕ ಇಟ್ಟಿರಲ್ಲ ಬಿಡೇ. ಅಕ್ಕ ಅಲ್ಲಿ ಮನೆ ಗಿನೆ ಮಾಡಿರಬೇಕು!”

ಅಕ್ಕ ನಕ್ಕಳು. ಇಲ್ಲ ಅನ್ನಲಿಲ್ಲ. ಅವಳು ಮಾಡಿದ್ದು ಅಷ್ಟೇ.

ಆ ವಾರವಿಡೀ ಟೀ ಹೊತ್ತಿಗೆ ಮೆಟ್ಟಿಲ ಕೆಳಗೆ ಸಂತೆ. ಅವಳ ಕೋಣೆಯಲ್ಲಿ ಅಷ್ಟು ಜನ ಯಾವತ್ತೂ ಸೇರಿದ್ದಿಲ್ಲ. ಔಷಧಿ ಕೌಂಟರಿನವನಿಗೆ ಮ್ಯೂಸಿಯಂ ಬೇಕು, ಹೆಂಡತಿಗೆ ಬಟ್ಟೆಯಂಗಡಿ ಬೇಕು. “ಇವರು ಒಡೆದ ಮಡಕೆ ನೋಡೋಕೆ ಅಷ್ಟು ದೂರ ಹೋಗ್ಬೇಕಾ, ನಮ್ಮನೆ ಅಡುಗೆಮನೇಲೇ ಇದೆ,” ಅಂತ ಅವಳು. ಅಕ್ಕ ಇಬ್ಬರಿಗೂ ಜಾಗ ಮಾಡಿಕೊಟ್ಟಳು. ಕಾರಿನಲ್ಲಿ ಐದು ಸೀಟು, ಹೊರಟವರು ನಾಲ್ವರು. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಅಕ್ಕನ ತಲೆಯಲ್ಲಿ ಅದೊಂದೇ ಕೊರೆಯುತ್ತಿತ್ತು. ಅವರಾಗಿ ಕರೆಯಲಿ. ಕೇಳಿ ಹತ್ತುವುದು ಬೇರೆ, ಕರೆದು ಹತ್ತಿಸಿಕೊಳ್ಳುವುದು ಬೇರೆ. ಕರೆದರೆ ಇರಲಿ ಅಂತ ಶನಿವಾರದ ಡ್ಯೂಟಿಗೆ ಇನ್ನೊಬ್ಬಳನ್ನು ಒಪ್ಪಿಸಿಯೂ ಇಟ್ಟಿದ್ದಳು.

ಶುಕ್ರವಾರ ಸಂಜೆ ಬಿಲ್ಲಿಂಗ್ ಹುಡುಗಿ ಬಾಗಿಲಿಗೆ ಒರಗಿ ನಿಂತಳು. “ಅಕ್ಕ, ಕಾರಲ್ಲಿ ಒಂದು ಸೀಟು ಖಾಲಿ ಇದೆ...”

ಅಕ್ಕ ಹೆಡ್‌ಫೋನು ಕಿವಿಯಿಂದ ತೆಗೆದಳು.

“...ಅದಕ್ಕೇ ಬ್ಯಾಗೆಲ್ಲ ಅಲ್ಲೇ ಹಾಕ್ತೀವಿ, ಡಿಕ್ಕಿ ಪೂರ್ತಿ ಶಾಪಿಂಗಿಗೆ! ನಿಮಗೇನು ತರೋಣ ಹೇಳಿ. ಬನ್ನಿ ಅಂತ ಕರೀಬೇಕು ಅನ್ಸುತ್ತೆ, ಆದ್ರೆ ನೋಡಿದ್ದನ್ನೇ ನೋಡೋಕೆ ನಿಮಗೂ ಬೇಜಾರಲ್ವಾ?”

“ಹೂಂ, ಬೇಜಾರೇ,” ಅಂದಳು ಅಕ್ಕ. “ಹೋಗಿ ಬಾಮ್ಮ. ಏನೂ ಬೇಡ ನಂಗೆ.”

ಡ್ಯೂಟಿಗೆ ಒಪ್ಪಿದ್ದವಳಿಗೆ ಬೇಡವೆಂದು ಹೇಳಿ ಶನಿವಾರ ಅವಳೇ ಬಂದು ಕೂತಳು. ಅವರು ರಾತ್ರಿಯೇ ಹೊರಟಿದ್ದರು. ಬೆಳಗ್ಗೆ ಬೆಳಗ್ಗೆಯೇ ಫೋನು.

“ಅಕ್ಕ, ಹಿಂಬಾಗಿಲು ಸಿಕ್ತು! ಇಲ್ಲಿ ಎರಡು ಗಲ್ಲಿ ಇದೆ, ಯಾವುದು?”

“ಬೀಗ ರಿಪೇರಿ ಮಾಡೋನ ಅಂಗಡಿ ಕಾಣುತ್ತಾ? ಅದರ ಪಕ್ಕದ್ದು. ತಲೆ ಬಗ್ಗಿಸಿ ಹೋಗಿ, ಕಮಾನು ತಗ್ಗಾಗಿದೆ.”

“ಅಯ್ಯೋ!” ಅಂತ ಎಕ್ಸ್‌ರೇ ಅಣ್ಣನ ದನಿ, ಆಮೇಲೆ ಎಲ್ಲರ ನಗು. ಅಕ್ಕನಿಗೂ ನಗು ಬಂತು. ಕಣ್ಣು ಮುಚ್ಚಿದರೆ ಅವರ ಹಿಂದೆ ಎರಡೇ ಹೆಜ್ಜೆ ದೂರದಲ್ಲಿ ತಾನೂ ನಡೆಯುತ್ತಿದ್ದಾಳೆ ಅನ್ನುವ ಹಾಗೆ. ಎದುರಿನ ಬೋರ್ಡಿನ ಮೇಲೆ ಬೇರೆ ಕಾಲ್‌ಗಳ ಎರಡು ದೀಪ ಮಿಣಮಿಣ ಅನ್ನುತ್ತಿದ್ದರೂ ಒಂದು ಗಳಿಗೆ ತಡೆದು ಎತ್ತಿದಳು.

ಸೂಪಿನಂಗಡಿ ಸಿಕ್ಕಿತು. ಬೋಗುಣಿಗಳ ಸದ್ದು, ಬೆಂಚು ಎಳೆದ ಸದ್ದು. ಬಿಲ್ಲಿಂಗ್ ಹುಡುಗಿ ಸ್ಪೀಕರ್ ಹಾಕಿದಳು. “ಅಕ್ಕ, ಏನು ಆರ್ಡರ್ ಮಾಡ್ಬೇಕು ಅಂತ ನೀವೇ ಹೇಳಿ, ಅಂಗಡಿಯವರು ಇಲ್ಲೇ ಇದ್ದಾರೆ.”

“ನಮಸ್ಕಾರ,” ಅಂದಳು ಅಕ್ಕ. “ನಾಲ್ಕು ಸೂಪು, ಬ್ರೆಡ್ಡು ಸ್ವಲ್ಪ ಗರಿಗರಿ ಇರಲಿ...”

“ಅರೆ! ಈ ದನಿ ನಂಗೆ ಗೊತ್ತು!” ಅಂಗಡಿಯವನು ಖುಷಿಯಿಂದ ಕೂಗಿಯೇಬಿಟ್ಟ. “ಇವತ್ತು ಸೂಪು ಇದೆಯಾ ಅಂತ ಕೇಳೋ ಮೇಡಂ ಅಲ್ವಾ ನೀವು? ಎಷ್ಟು ವರ್ಷ ಆಯ್ತು ರೀ, ಬರ್ತೀನಿ ಬರ್ತೀನಿ ಅಂತ! ಒಂದ್ಸಲನಾದ್ರೂ ಬನ್ನಿ, ನಿಮ್ಮ ಮುಖ ಹೇಗಿದೆ ಅಂತ ನೋಡ್ಬೇಕು ನಾವು!”

ಬೋಗುಣಿಗಳ ಸದ್ದು ನಿಂತಿತು. ಯಾರೋ ಏನೋ ಹೇಳಲು ಹೋಗಿ ಕೆಮ್ಮಿದರು.

“ಅಕ್ಕ?” ಅಂದಳು ಬಿಲ್ಲಿಂಗ್ ಹುಡುಗಿ, ಮೆಲ್ಲಗೆ.

“ಇಲ್ಲಿ ಕಾಲ್ ಬರ್ತಿದೆ, ಇಡ್ತೀನಿ,” ಅಂದಳು ಅಕ್ಕ. ಬೋರ್ಡಿನ ಮೇಲೆ ಆಗ ಒಂದು ದೀಪವೂ ಇರಲಿಲ್ಲ. ಆ ಎರಡು ದಿನ ಮತ್ತೆ ಅವರಿಂದ ಫೋನು ಬರಲಿಲ್ಲ. ಗೋಪುರದ ಹತ್ತಿರ ಅವರು ಖಂಡಿತ ದಾರಿ ತಪ್ಪಿರುತ್ತಾರೆ, ಅಲ್ಲಿ ಎಲ್ಲರೂ ತಪ್ಪುತ್ತಾರೆ, ಯಾರನ್ನು ಕೇಳಿದರೋ ಅಂತ ಭಾನುವಾರ ರಾತ್ರಿಯೂ ಯೋಚಿಸುತ್ತಿದ್ದಳು.

ಸೋಮವಾರ ಟೀ ಹೊತ್ತಿಗೆ ಮೆಟ್ಟಿಲ ಕೆಳಗೆ ಯಾರೂ ಇಲ್ಲ. ಎಕ್ಸ್‌ರೇ ಅಣ್ಣ ಕಿಟಕಿಯ ಮುಂದೆ ಹೋಗುವಾಗ ಫೋನು ನೋಡುತ್ತಾ ಹೋದ. ಔಷಧಿ ಕೌಂಟರಿನವನ ಹೆಂಡತಿ ದೂರದಿಂದಲೇ ಕೈ ಬೀಸಿದಳು, ಬೇಕಾದ್ದಕ್ಕಿಂತ ಜೋರಾಗಿ. ಸಂಜೆಯ ಹೊತ್ತಿಗೆ ಬಿಲ್ಲಿಂಗ್ ಹುಡುಗಿ ಬಂದಳು. ಬಾಗಿಲು ಮುಂದೆ ಮಾಡಿ, ಕೂರದೆ ನಿಂತಳು.

“ಯಾರೂ ಏನೂ ಅಂದ್ಕೊಂಡಿಲ್ಲ ಅಕ್ಕ. ನಿಜವಾಗ್ಲೂ.”

“ಏನಂತ ಅಂದ್ಕೊಳ್ಳೋದು?”

ಹುಡುಗಿ ಕೆಂಪಗಾದಳು. “ಮುಂದಿನ ತಿಂಗಳು ನಾನು ಮತ್ತೆ ಹೋಗ್ತೀನಿ. ನೀವೂ ಬನ್ನಿ. ಅವರ್ಯಾರೂ ಬೇಡ, ನಾವಿಬ್ರೇ. ಟ್ರೈನಲ್ಲಿ ಹೋಗೋಣ.”

ಎಷ್ಟು ವರ್ಷದಿಂದ ಕಾದ ಮಾತು ನೋಡಿ. ಬಂದಿದ್ದು ಹೀಗೆ, ಬಾಗಿಲು ಮುಂದೆ ಮಾಡಿಕೊಂಡು, ರೋಗಿಯ ಕಡೆಯವರ ಹತ್ತಿರ ಆಡುವ ದನಿಯಲ್ಲಿ. ಹುಡುಗಿಗೆ ಕನಿಕರವೋ ಪ್ರೀತಿಯೋ, ಅಕ್ಕನಿಗೆ ಮುಖ ನೋಡಿ ಗೊತ್ತಾಗಲಿಲ್ಲ. ದನಿಯಿಂದ ಮನುಷ್ಯರನ್ನು ಅಳೆದು ಅಭ್ಯಾಸವಿದ್ದವಳು, ಮುಖ ಓದುವುದು ಕಲಿತಿರಲಿಲ್ಲ.

“ಮುಂದಿನ ತಿಂಗಳು ನಂಗೆ ರಜೆ ಸಿಗಲ್ಲ ಕಣಮ್ಮ.”

“ಅದರ ಮುಂದಿನ ತಿಂಗಳು?”

“ನೋಡೋಣ.”

ಹುಡುಗಿ ಹೋಗಿ ತನ್ನ ಕೌಂಟರಿನಲ್ಲಿ ಕೂತಳು. ಗಾಜಿನಾಚೆ ಅವಳ ಬೆನ್ನು ಕಾಣುತ್ತಿತ್ತು. ಬಿಲ್ಲು ಹರಿಯಲಿಲ್ಲ, ಯಾರನ್ನೂ ಕರೆಯಲಿಲ್ಲ, ಸುಮ್ಮನೆ ಕೂತಿದ್ದಳು. ಬೋರ್ಡಿನಲ್ಲಿ ಬಿಲ್ಲಿಂಗಿನ ಲೈನಿನ ಗುಂಡಿ ಅಕ್ಕನ ಬೆರಳ ಹತ್ತಿರವೇ ಇತ್ತು. ಬರ್ತೀನಿ ಕಣೇ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು?

ಒತ್ತಿದಳು. ಗಾಜಿನಾಚೆ ಹುಡುಗಿ ರಿಸೀವರ್ ಎತ್ತಿದ್ದು ಕಾಣಿಸಿತು.

“ಹಲೋ, ಬಿಲ್ಲಿಂಗ್.”

ಅದೇ ಹೊತ್ತಿಗೆ ಬೋರ್ಡಿನಲ್ಲಿ ಹೊರಗಿನ ದೀಪವೊಂದು ಹತ್ತಿತು, ಯಾರೋ ಯಾವುದೋ ಬಿಲ್ಲಿಗಾಗಿ. ಅಕ್ಕ ಅದನ್ನು ಎತ್ತಿ ವಿಚಾರಿಸಿ, “ನಿಮಗೊಂದು ಕಾಲ್ ಇದೆ, ಕೊಡ್ತಿದೀನಿ,” ಅಂದಳು ಹುಡುಗಿಗೆ, ಎಲ್ಲರಿಗೂ ಹೇಳುವ ಆ ಮೆತ್ತನೆಯ ದನಿಯಲ್ಲಿ. ಲೈನು ಸೇರಿಸಿ ತಾನು ಅದರಿಂದ ಹೊರಬಂದಳು.

ಹುಡುಗಿ ಮಾತಾಡುತ್ತಲೇ ಕುರ್ಚಿ ತಿರುಗಿಸಿ ಕಿಟಕಿಯ ಕಡೆ ನೋಡಿದಳು. ಅಕ್ಕ ತಲೆ ತಗ್ಗಿಸಿ ಮುಂದಿನ ಕಾಲ್ ಎತ್ತಿಕೊಂಡಿದ್ದಳು.

ನೀವಾಗಿದ್ದರೆ, ಹೇಳಿ, ಏನು ಮಾಡುತ್ತಿದ್ದಿರಿ?