ಮೂರು ಹಿಡಿ ಮೇವು

ಗಂಡನ ಜನಾಜಾ ಎತ್ತಿ ಆಗಿತ್ತು. ಹೊಸ್ತಿಲ ಒಳಗೇ ನಿಂತ ಶಮಶಾದಬಿ ಸೆರಗಿನ ಮರೆಯಿಂದ ನೋಡುತ್ತಿದ್ದುದು ಮಾತ್ರ ಅಂಗಳದ ಬೇವಿನ ಗಿಡವನ್ನು. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಬೆಳಗಿನಿಂದ ಮೋಡ ಊರ ಮೇಲೆ ಕವುಚಿ ಹಾಕಿದ ಬೋಗುಣಿಯಂತೆ ಕೂತಿತ್ತು. ಗಂಡ ಖಬರಸ್ತಾನದ ದಾರಿ ಹಿಡಿದಿರುವಾಗ ತನ್ನ ಜೀವ ಹೊಳೆಯ ಕಡೆ ಎಳೆಯುತ್ತಿದೆಯಲ್ಲ ಎಂದು ಅವಳಿಗೇ ನಾಚಿಕೆಯಾಯಿತು.

“ಒಳಗ ಬಾ,” ಗಂಡನ ಅಕ್ಕ ಬಾನುಬಿ ರಟ್ಟೆ ಹಿಡಿದಳು. “ಗಂಡ ಸತ್ತಾಕಿ, ಇನ್ನ ನಾಕ ತಿಂಗಳಾ ಹತ್ತ ದಿನಾ ಈ ಹೊಸ್ತಲಾ ದಾಟೂ ಹಂಗಿಲ್ಲ ನೀ.”

“ಗೊತ್ತೈತಿ ಆಪಾ. ಗಾಳಿ ಇಲ್ಲ ನೋಡ್ರಿ.”

“ಗಾಳಿ ಚಿಂತಿ ಮಾಡೂ ಹೊತ್ತೇನ ಇದು?”

ಶಮಶಾದಬಿಯ ಕಣ್ಣು ಮತ್ತೆ ಗಿಡದ ಮೇಲೇ ಹೋಯಿತು. ಸಿಂಗಟಾಲೂರಿನ ಹಿನ್ನೀರಿನಲ್ಲಿ ನೀಲಿ ಡ್ರಮ್ಮುಗಳ ಮೇಲೆ ತೇಲುವ ಆರು ಬಲೆಯ ಪಂಜರಗಳಿದ್ದವು. ಅವುಗಳೊಳಗೆ ಗಂಡ ಖಾಸಿಂಸಾಬ ಏಳು ತಿಂಗಳು ಸಾಕಿದ ಮೀನು. ಬರುವ ರವಿವಾರ ಮೊದಲ ಸಲ ಗದಗ-ಬೆಟಗೇರಿಯ ಪೇಟೆಗೆ ಹೋಗಬೇಕಾದವು. ಮೋಡ ಮುಚ್ಚಿ ಗಾಳಿ ನಿಂತ ದಿನ ನೀರಿನಲ್ಲಿ ಉಸಿರು ಕಡಿಮೆ. ಅಂಥ ದಿನ ಮೇವು ಹಾಕಬಾರದು. ಹೊಟ್ಟೆ ತುಂಬಿದ ಮೀನಿಗೆ ಇನ್ನಷ್ಟು ಉಸಿರು ಬೇಕಾಗುತ್ತದೆ. ಇದು ಗೊತ್ತಿದ್ದವರು ಊರಲ್ಲಿ ಇಬ್ಬರೇ. ಒಬ್ಬನನ್ನು ಈಗ ಹೊತ್ತುಕೊಂಡು ಹೋಗುತ್ತಿದ್ದರು.

*

ಖಾಸಿಂಸಾಬ ಮೊದಲು ಹರ್ತಿ, ಅಸುಂಡಿಗಳ ಓಣಿ ಓಣಿಗೆ ಸೈಕಲ್ಲಿನ ಮೇಲೆ ಸಮುದ್ರದ ಮೀನು ಒಯ್ದು ಮಾರುತ್ತಿದ್ದವನು. ಒಂದು ಸಂಜೆ ಮಾರದೆ ಉಳಿದ ಮೀನನ್ನು ಹೆಂಡತಿಯ ಮುಂದೆ ಇಟ್ಟ.

“ಇದರ ಕಣ್ಣ ನೋಡು. ಸಮುದ್ರ ಬಿಟ್ಟು ಐದ ದಿನಾ ಆಗೈತಿ. ತಾಜಾ, ತಾಜಾ ಅಂತ ಒದರಿ ಒದರಿ ನನ್ನ ಬಾಯಿ ಹೊಲಸಾತು.”

ಹೊಳೆಗೆ ಕಟ್ಟಿದ ಬ್ಯಾರೇಜಿನ ಹಿಂದೆ ನೀರು ನಿಂತ ಮೇಲೆ ಪಂಜರ ಕಟ್ಟಿದ. ಹರಗೋಲಿನ ಗಾಳೆಪ್ಪ ದಂಡೆಯಲ್ಲಿ ನಿಂತು ನಗೆಯಾಡಿದ್ದ: “ಹೊಳ್ಯಾಗಿನ ಮೀನಿಗೆ ಹೊಳ್ಯಾಗ ಜೇಲ ಕಟ್ಯಾನ ನಮ್ಮ ಖಾಸಿಮಣ್ಣ. ಬಾಗಲಕ್ಕ ಪೊಲೀಸಪ್ಪನ್ನ ಯಾವಾಗ ನಿಂದರಸ್ತಿ?” ಆಮೇಲೆ ದಿನವೂ ಅವನೇ ಹುಟ್ಟು ಹಾಕುತ್ತ ಖಾಸಿಂಸಾಬನನ್ನು ಕರೆದೊಯ್ಯುವವನಾದ.

ಒಂದು ಪಂಜರಕ್ಕೆ ಇನ್ನೂ ಸಾವಿರ ಮರಿ ಹಿಡಿಸುತ್ತವೆ ಎಂದವರಿಗೆ ಖಾಸಿಂಸಾಬನದು ಒಂದೇ ಮಾತು: “ತಿಂದು ಉಳದದ್ದೆಲ್ಲಾ ನೀರಾಗ ಕೊಳಿತೈತಿ. ಕೆಳಗಿನ ಊರವ್ರು ಇದನ್ನ ಕುಡೀತಾರ.” ಮೇವನ್ನು ಹಿಡಿ ಅಳೆದು ಹಾಕುತ್ತಿದ್ದ. ಹಾಕಿದ್ದು ಮುಗಿಯುವತನಕ ಎರಡನೆಯ ಹಿಡಿ ಎತ್ತುತ್ತಿರಲಿಲ್ಲ.

ಮೊದಲ ಸಲ ಹರಗೋಲಿನಲ್ಲಿ ಹೋದ ಶಮಶಾದಬಿ ಪಂಜರದೊಳಗೆ ಬಗ್ಗಿ ಗಾಬರಿಯಾಗಿದ್ದಳು. “ಒಂದೂ ಕಾಣವಲ್ದು. ಸತ್ತಾವೇನ?”

“ಹುಚ್ಚಿ, ಕಾಣಲಿಲ್ಲಂದ್ರ ಚಲೋ ಅದಾವು ಅಂತ ತಿಳ್ಕೋ. ಮ್ಯಾಲ ಬಂದು ಬಾಯಿ ತಗದ್ರ ಅಂಜಬೇಕು.”

ನಿನ್ನೆ ಮಧ್ಯಾಹ್ನ ಹೊಳೆಯಿಂದ ಬಂದವನು ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತ. ನೀರು ಕೇಳಿದ. ತಂಬಿಗೆ ತರುವಷ್ಟರಲ್ಲಿ ಆಗಿಹೋಗಿತ್ತು.

*

ಮಣ್ಣು ಕೊಟ್ಟು ಮೊದಲು ತಿರುಗಿ ಬಂದವನು ಮುಂಡರಗಿಯ ನವಾಜ, ಗಂಡನ ಅಣ್ಣನ ಮಗ. ಕಣ್ಣು ಕೆಂಪಾಗಿದ್ದವು. ಮುಖದ ಮೇಲೆ ಏನೋ ಸಮಾಧಾನವಿತ್ತು.

“ಚಾಚಿ, ಬರೂ ಮುಂದ ಹೊಳಿಗೆ ಹೋಗಿದ್ವಿ. ಚಾಚಾನ ಮೀನ ಇವತ್ತ ಉಪವಾಸ ಇರಬಾರ್ದು ಅಂತ ಎಲ್ಲಾರೂ ಪಾಳಿ ಹಚ್ಚಿ ಹರಗೋಲ ಹತ್ತಿ ಮೇವು ಹಾಕಿದ್ವಿ. ಗೋರಿಗೆ ಮೂರ ಹಿಡಿ ಮಣ್ಣ ಹಾಕಿದಂಗ, ತಲಿಗೆ ಮೂರ ಹಿಡಿ.”

“ಎಷ್ಟ ಮಂದಿ?”

“ಅರವತ್ತರ ಮ್ಯಾಲ ಇದ್ವಿ. ಕಡೀಕ ಉಳದ ಎರಡ ಚೀಲಾನೂ ಸುರುವಿದ್ವಿ. ಏನ ಖುಷಿಲೆ ಮ್ಯಾಲ ಬಂದ್ವು ಅಂತೀರಿ! ಎಲ್ಲಾ ಬಾಯಿ ತಗದ ತಗದ...”

“ನೀವು ಬರೂ ಮುಂದ? ಕೆಳಗ ಇಳದ್ವೇನ?”

ನವಾಜ ನೆನಪು ಮಾಡಿಕೊಂಡ. “ಇಲ್ಲ. ಮ್ಯಾಲ ಇದ್ವು.”

ಶಮಶಾದಬಿಯ ಬಲಗಾಲು ಹೊಸ್ತಿಲ ಮೇಲೆ ಎದ್ದೇ ಬಿಟ್ಟಿತು.

“ಶಮಶಾದ!” ಬಾನುಬಿ ಸೊಂಟಕ್ಕೆ ಕೈಹಾಕಿ ಜಗ್ಗಿದಳು. “ಮಣ್ಣ ಇನ್ನೂ ಹಸೀ ಐತಿ. ಮಂದಿ ಏನಂದಾರು?”

ಅಷ್ಟರಲ್ಲಿ ಗಾಳೆಪ್ಪ ಅಂಗಳಕ್ಕೆ ಬಂದ. ನಾಯಿ ಕೆದರದ ಹಾಗೆ ಗೋರಿಯ ಮೇಲೆ ಜಾಲಿಮುಳ್ಳು ಹೊಚ್ಚಲು ಹಿಂದೆ ಉಳಿದಿದ್ದವನು. ಮುಂಗೈ ತುಂಬ ಗೀರು.

“ಗಾಳೆಪ್ಪಾ!” ಗಂಡಸರೆದುರು ಅವಳು ಅಷ್ಟು ದೊಡ್ಡದಾಗಿ ಕೂಗಿದ್ದು ಯಾರೂ ಕೇಳಿರಲಿಲ್ಲ. “ಮೀನಿಗೆ ಉಸರ ಕಟ್ಟೈತಿ. ತೇಲೂ ಮೇವ ಎಲ್ಲಾ ತಗಸು. ಪಂಜರದ ಹಗ್ಗ ಬಿಚ್ಚಿ ಸೆಳವು ಇದ್ದ ಕಡೆ ಜಗ್ರಿ. ಸುತ್ತಲೂ ಹುಟ್ಟಿಲೆ ನೀರ ಬಡೀರಿ, ನೊರಿ ಏಳಬೇಕು.”

“ಜರಡಿ ಇಲ್ಲಲಾ ಭಾಬಿ, ಎದರ್ಲೆ ತಗೀಲಿ?”

“ಕೈಗೆ ಏನ ಸಿಗತೈತಿ ಅದರ್ಲೆ. ಜಲ್ದಿ!”

ನವಾಜ ಮುಂದೆ ಬಂದ. “ಚಾಚಿ, ನಾವು ಪುಣ್ಯೇದ ಕೆಲಸ ಅಂತ...”

“ಗೊತ್ತೈತಪಾ. ನೀನೂ ಓಡು.”

ಮಣ್ಣು ಕೊಟ್ಟು ಬರುತ್ತಿದ್ದವರೆಲ್ಲ ಅವರ ಹಿಂದೆ ಹೊಳೆಗೆ ಓಡಿದರು. ಅಂಗಳ ಖಾಲಿಯಾಯಿತು. ನೆರೆಮನೆಯವರು ತಂದಿಟ್ಟ ಅನ್ನ ಆರಿತು. ಸಂಜೆಯ ನಮಾಜಿನ ಕೂಗು ಕೇಳಿತು. ಹೊಳೆಯ ಕಡೆಯಿಂದ ಮಾತ್ರ ಒಂದು ಸಪ್ಪಳವೂ ಇಲ್ಲ. ಶಮಶಾದಬಿ ಗೋಡೆಗೆ ಒರಗಿ ತನ್ನ ಉಸಿರನ್ನೇ ಲೆಕ್ಕ ಹಿಡಿದವಳಂತೆ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಬಾನುಬಿ ತಾನೇ ಎದ್ದು ಬಾಗಿಲಿಗೆ ಹೋಗಿ ಬೇವಿನ ಗಿಡ ನೋಡಿದಳು. ತಿರುಗಿ ಬಂದು ಕೂತಳು. ಮತ್ತೆ ಎದ್ದಳು.

“ಎಲಿ ಏನರ ಅಳ್ಳಾಡಿತೇನ ಆಪಾ?”

“ಇಲ್ಲ ತಂಗಿ.”

ಮುಚ್ಚಂಜೆಗೆ ಹೆಜ್ಜೆ ಸಪ್ಪಳ ಕೇಳಿತು. ಗಾಳೆಪ್ಪ ಎದೆಮಟ ತೊಯ್ದಿದ್ದ. ಗೀರುಗಳು ನೀರಿಗೆ ಬೆಳ್ಳಗಾಗಿ ಬಾತಿದ್ದವು. ಶಮಶಾದಬಿ ಎದ್ದು ಬಂದು ಚೌಕಟ್ಟು ಹಿಡಿದಳು. ಏನಾಯಿತೆಂದು ಬಾನುಬಿಯೇ ಕೇಳಿದಳು.

“ಒಂದ ಬುಟ್ಟಿ ಸತ್ತಾವ್ರಿ.”

“ಉಳದಾವು?” ಶಮಶಾದಬಿಯ ದನಿ ಬಾಗಿಲ ಹಿಂದಿನಿಂದ ಬಂತು.

ಗಾಳೆಪ್ಪ ನೆಲ ನೋಡಿದ. “ಒಂದೂ ಕಾಣವಲ್ದು, ಭಾಬಿ. ಕೆಳಗ ಇಳದಾವು.”

ಚೌಕಟ್ಟು ಹಿಡಿದು ನಿಂತಿದ್ದವಳು ಹಾಗೇ ಕುಸಿದಳು. ನಿನ್ನೆಯಿಂದ ಬಾರದೆ ಇದ್ದ ಅಳು ಈಗ ದನಿ ತೆಗೆದು ಬಂತು.

ಗಾಳೆಪ್ಪನ ಹಿಂದೆ ಒಬ್ಬೊಬ್ಬರೇ ಬಂದರು. ಯಾರ ತಲೆಯ ಮೇಲೂ ಟೊಪ್ಪಿಗೆ ಇರಲಿಲ್ಲ. ನವಾಜ ಕೈಯಲ್ಲಿದ್ದ ತನ್ನ ಜಾಳಿಗೆಯ ಬಿಳಿ ಟೊಪ್ಪಿಗೆಯನ್ನು ಹಿಂಡಿ, ಖಾಸಿಂಸಾಬನ ಲುಂಗಿ ಇನ್ನೂ ತೂಗುತ್ತಿದ್ದ ತಂತಿಯ ಮೇಲೆ ಹಾಕಿದ. ಉಳಿದವರೂ ಹಾಕಿದರು. ಹೆಣಿಗೆಯ ಕಣ್ಣು ಕಣ್ಣಿನಲ್ಲಿ ಉಬ್ಬಿದ ಮೇವಿನ ಕಾಳು ಸಿಕ್ಕಿಕೊಂಡಿತ್ತು. ನೀರು ಒಂದೊಂದೇ ಹನಿಯಾಗಿ ಅಂಗಳಕ್ಕೆ ಬೀಳುತ್ತಿತ್ತು.

ಸಾಲಿನ ಕೊನೆಯ ಟೊಪ್ಪಿಗೆ ಮೊದಲು ಅಲುಗಿತು.