ಹಿತ್ತಾಳೆಯ ಮೈಲಿಗಳು

"ಸತ್ರೆ ನನ್ನನ್ನ ಮಿಸೌರಿಗೆ ಒಯ್ದು ಮಗುವಿನ ಪಕ್ಕ ಮಲಗಿಸ್ತೀನಿ ಅಂತ ಮಾತು ಕೊಡು" ಎಂದು ಡೆಲ್ಫಿಯಾ ಕೇಳಿದ್ದಳು. ಕೊಲೊರಾಡೋದ ಗಣಿಕೇರಿಗೆ ಬರುವ ಗಾಡಿಯಲ್ಲಿ ಕುಳಿತೇ ಓರಿನ್ ಮಾತು ಕೊಟ್ಟಿದ್ದ.

ಅದಕ್ಕಾಗಿಯೇ ಈಗ, ತೀರಿಕೊಂಡ ಹೆಂಡತಿ ಕೂಲಿ ಕೂಡಿಟ್ಟಿದ್ದ ಕಾಲುಚೀಲವನ್ನು ಅಂಗಡಿಯ ಮೇಜಿನ ಮೇಲೆ ಸುರಿಯುತ್ತಿದ್ದ. ಹಿತ್ತಾಳೆ ಬಿಲ್ಲೆಗಳು ಉರುಳಿದವು. ಗಣಿಯವರು ಕೂಲಿಗೆಂದು ಕೊಡುವುದು ಇವನ್ನೇ. ಇವು ನಡೆಯುವುದು ಈ ಒಂದೇ ಅಂಗಡಿಯಲ್ಲಿ.

"ಇದಕ್ಕೆ ಡಾಲರ್ ಕೊಡಿ, ಯಜಮಾನ್ರೆ. ಹೆಣ ರೈಲಿಗೆ ಹಾಕ್ಬೇಕು. ಸ್ಟೇಷನ್ನಿನವ್ನು ಬಿಲ್ಲೆ ನೋಡಿ ನಕ್ಬಿಟ್ಟ."

"ಬಿಲ್ಲೆಗೆ ಸಾಮಾನು, ಓರಿನ್. ದುಡ್ಡಿಲ್ಲ. ಗಣಿಯವರ ಕಟ್ಟಳೆ, ನಂದಲ್ಲ" ಎಂದ ಅಂಗಡಿಯ ಸ್ಟ್ರಾಂಗ್. "ಶವಪೆಟ್ಟಿಗೆ ಬೇಕಾದ್ರೆ ಹೇಳು. ವಾಲ್‌ನಟ್ ಮರದ್ದೇ ಇದೆ."

"ಅರ್ಧ ಬೆಲೆಗಾದ್ರೂ ತಗೊಳ್ಳೋ ಮಾರಾಯ" ಎಂದ ಜೊತೆಗಾರ ಗ್ವಿಲಿಮ್.

ಸ್ಟ್ರಾಂಗ್ ತಕ್ಕಡಿ ಒರೆಸತೊಡಗಿದ. ಗ್ವಿಲಿಮ್ ಟೋಪಿ ಹಿಡಿದು ಕೇರಿಯೆಲ್ಲ ಸುತ್ತಿ ಬಂದ. ಯಾರೂ ಇಲ್ಲವೆನ್ನಲಿಲ್ಲ. ಟೋಪಿಯಲ್ಲಿ ಬಿದ್ದದ್ದೂ ಬಿಲ್ಲೆಗಳೇ.

*

ಬದುಕಿದ್ದಾಗ ಡೆಲ್ಫಿಯಾ ಗಣಿಯ ಕೂಲಿಗಳ ಬಟ್ಟೆ ಒಗೆಯುತ್ತಿದ್ದಳು. ಕಲ್ಲಿದ್ದಲ ಮಸಿ ಮೂರು ನೀರಿಗೂ ಬಿಡುತ್ತಿರಲಿಲ್ಲ. ಸಂಜೆ ಬಿರಿದ ಬೆರಳಿಗೆ ಹಂದಿಕೊಬ್ಬು ಸವರಿಕೊಳ್ಳುತ್ತ, ಆ ದಿನದ ಬಿಲ್ಲೆಗೆ ಮಿಸೌರಿಯ ರೈಲುದಾರಿ ಎಷ್ಟು ಸಾಗುತ್ತದೆಂದು ಲೆಕ್ಕ ಹಾಕಿ, "ಇವತ್ತು ಎರಡು ಮೈಲಿ ಒಗ್ದೆ ಕಣೋ" ಎನ್ನುತ್ತಿದ್ದಳು.

"ಸತ್ಮೇಲೆ ಯಾಕೆ? ಬದುಕಿರೋವಾಗ್ಲೇ ಹೋಗಿ ಬರೋಣ" ಎನ್ನುತ್ತಿದ್ದ ಓರಿನ್.

"ನಿನ್ನನ್ನ ಕಟ್ಕೊಂಡಾ? ದಾರೀಲಿ ನೀನು ತಿನ್ನೋದಕ್ಕೇ ಹತ್ತು ಮೈಲಿ ಹೋಗತ್ತೆ."

ರೈಲಿನವರು ಬಿಲ್ಲೆ ತೆಗೆದುಕೊಳ್ಳುತ್ತಾರೆಯೇ ಎಂದು ಒಮ್ಮೆ ಕೇಳಿದ್ದಳು. ಸ್ಟ್ರಾಂಗ್ ಬದಲಾಯಿಸಿ ಕೊಡ್ತಾನೆ ಬಿಡು ಎಂದಿದ್ದ ಓರಿನ್. ಅವನು ಸ್ಟ್ರಾಂಗನನ್ನು ಕೇಳಿರಲಿಲ್ಲ.

*

ವಾಲ್‌ನಟ್ ಪೆಟ್ಟಿಗೆಗೆ ಬೆಳ್ಳಿಬಣ್ಣದ ಹಿಡಿಗಳಿದ್ದವು, ಒಳಗೆ ಬಿಳಿ ರೇಷ್ಮೆ. ಗುಡ್ಡ ಹತ್ತುವಾಗ ಹೊತ್ತವರಿಗೆ ದಮ್ಮು ಕಟ್ಟಿತು.

"ಮೇಲ್ವಿಚಾರಕನ ಹೆಂಡ್ತಿಗೂ ಇಂಥದ್ದಿರ್ಲಿಲ್ಲ" ಎಂದು ಪಕ್ಕದ ಮನೆಯ ಬ್ರಿಜೆಟ್ ಗಂಡನ ಕಿವಿಯಲ್ಲಿ ಹೇಳಿದಳು. ಓರಿನ್‌ಗೆ ಕೇಳಿಸಿತು.

"ಬಿಲ್ಲೆ ಇಟ್ಕೊಂಡು ಮತ್ತಿನ್ನೇನು ಮಾಡ್ಲಿ, ಬ್ರಿಜೆಟ್? ಜೋಳದ ಹಿಟ್ಟು ತರ್ಲಾ?"

ಅವಳು ಶಾಲು ಎಳೆದುಕೊಂಡಳು.

ಇಳಿಸುವ ಮೊದಲು ಗ್ವಿಲಿಮ್ ಬಗ್ಗಿ, ಪೆಟ್ಟಿಗೆಯ ಅಂಚಿಗೆ ಅಂಟಿದ್ದ ಚೀಟಿಯನ್ನು ಉಗುರಿನಿಂದ ಕೆರೆಯತೊಡಗಿದ.

"ಏನದು?" ಎಂದ ಓರಿನ್.

"ಏನಿಲ್ಲ. ರೈಲಿನವರದ್ದು."

"ಓದು."

ಗ್ವಿಲಿಮ್ ಕೆಮ್ಮಿದ. "ಸೇಂಟ್ ಲೂಯಿ, ಮಿಸೌರಿ. ಪೆಟ್ಟಿಗೆ ಅಲ್ಲಿಂದ ಬಂದಿದೆ. ರೈಲು ಸಾಗಣೆ ಬಾಡಿಗೆ ಸಂದಾಯ ಅಂತ ಬರ್ದಿದ್ದಾರೆ."

ಓರಿನ್ ಬಾಗಿ ತನ್ನ ಪಾಲಿನ ಹಗ್ಗ ಹಿಡಿದ. ಡೆಲ್ಫಿಯಾಳನ್ನು ಕೊಲೊರಾಡೋದಲ್ಲಿಯೇ ಹೂಳಿದರು.